ಕವರ್ ಮೇಲಿನ ಗಿಟಾರ್: ಹಳೇ ಎಲ್‌ಪಿ ಕವರ್‌ಗಳನ್ನು ನಾನು ಕೂಡಿಸುವ ಬಗೆ

ಹಳೇ ರೆಕಾರ್ಡ್ ಮಾರುವವರು ಪ್ಲೇಟು ಕೆಟ್ಟ ಎಲ್‌ಪಿಗಳನ್ನು, ಅಂದರೆ ದೊಡ್ಡ ಗಾತ್ರದ ರೆಕಾರ್ಡ್‌ಗಳನ್ನು, ಬೇರೆಯೇ ರಾಶಿ ಹಾಕಿರುತ್ತಾರೆ. ಬೆಂಗಳೂರಿನ ಸಂಡೆ ಬಜಾರಿರಲಿ, ಮುಂಬೈನ ಚೋರ್ ಬಜಾರಿರಲಿ, ನಾನು ಮೊದಲು ಕೂರುವುದು ಆ ರಾಶಿಯ ಮುಂದೆ. ಪ್ಲೇಟಿನಲ್ಲಿ ಗೀರು ಬಿದ್ದಿದ್ದರೂ ಸರಿ, ಒಳಗೆ ಪ್ಲೇಟೇ ಇಲ್ಲದಿದ್ದರೂ ಸರಿ. ನನಗೆ ಬೇಕಾದದ್ದು ಕವರ್, ಅದರ ಮೇಲೊಂದು ಗಿಟಾರ್. ಹಾಡು ಫೋನಿನಲ್ಲೇ ಸಿಗುತ್ತದೆ. ಹನ್ನೆರಡು ಇಂಚಿನ ರಟ್ಟಿನ ಮೇಲೆ ತಂತಿ ಎಣಿಸುವಷ್ಟು ದೊಡ್ಡದಾಗಿ ಅಚ್ಚಾದ ಗಿಟಾರ್ ಮಾತ್ರ ಫೋನಿನಲ್ಲಿ ಕಾಣಿಸುವುದಿಲ್ಲ.

ಕವರ್ ಕೈಗೆ ಬಂದರೆ ನಾನು ಹಾಡುಗಾರನ ಮುಖಕ್ಕಿಂತ ಮೊದಲು ಗಿಟಾರಿನ ತಲೆ ನೋಡುತ್ತೇನೆ. ಬಿರಡೆಗಳಿರುವ ಆ ಭಾಗವೇ ಕಾಲ ಹೇಳುತ್ತದೆ. ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಗಿಟಾರ್ ಬಂದದ್ದು 1954ರಲ್ಲಿ. ಅಮೆರಿಕದ ಗಾಯಕ ಬಡ್ಡಿ ಹಾಲಿ ಮತ್ತು ಅವರ ಕ್ರಿಕೆಟ್ಸ್ ತಂಡದ 1957ರ ಆಲ್ಬಮ್ ಕವರಿನಲ್ಲಿ ಇರುವುದು ಅದೇ, ಚಿಕ್ಕ ತಲೆಯದು. 1965ರ ಆರಂಭದಲ್ಲಿ ಅಮೆರಿಕದ ಸಿಬಿಎಸ್ ಸಂಸ್ಥೆ ಫೆಂಡರ್ ಕಂಪನಿಯನ್ನು ಕೊಂಡಿತು. ವರ್ಷದ ಕೊನೆಯ ಹೊತ್ತಿಗೆ ಸ್ಟ್ರಾಟೋಕಾಸ್ಟರಿನ ತಲೆ ದೊಡ್ಡದಾಯಿತು. ಗಿಬ್ಸನ್ ಕಂಪನಿಯ ಲೆಸ್ ಪಾಲ್ ಗಿಟಾರಿನಲ್ಲಿ ನೋಡಬೇಕಾದದ್ದು ಮೈ. 1952ರ ಮಾದರಿಗೆ ಕುತ್ತಿಗೆಯ ಪಕ್ಕ ಚಾಚಿದ ಕೊಂಬು ಒಂದೇ, 1961ರದ್ದಕ್ಕೆ ಎರಡು. 1968ರಲ್ಲಿ ಹಳೇ ಆಕಾರ ಮತ್ತೆ ಬಂತು. ಇಷ್ಟು ತಿಳಿದಿದ್ದರೆ, ವರ್ಷ ಹಾಕಿರದ ಕವರನ್ನೂ ಯಾವ ಕಾಲದ್ದು ಎಂದು ಅಂದಾಜು ಮಾಡಬಹುದು. ಹಳೇ ಗಿಟಾರನ್ನು ಹೊಸ ಕಾಲದಲ್ಲೂ ನುಡಿಸುತ್ತಾರೆ ನಿಜ. ಆದರೆ ಇನ್ನೂ ತಯಾರಾಗದ ಗಿಟಾರ್ ಹಿಡಿದು ಯಾರೂ ಫೋಟೋ ತೆಗೆಸಿಕೊಳ್ಳಲಾರರು ಅಲ್ವಾ?

ಆಮೇಲೆ ನೋಡುವುದು ಫೋಟೋ ತಿರುವಿ ಅಚ್ಚಾಗಿದೆಯಾ ಅಂತ. ಬಲಗೈಯವರು ನುಡಿಸುವಾಗ ಗಿಟಾರಿನ ಕುತ್ತಿಗೆ ನೋಡುವವರ ಬಲಕ್ಕೆ ಬರುತ್ತದೆ. ಎಡಕ್ಕಿದ್ದರೆ ನುಡಿಸುವವರು ಎಡಚರಾಗಿರಬೇಕು, ಇಲ್ಲವೇ ಫೋಟೋ ತಿರುಗಿರಬೇಕು. ಅಂಗಿಯ ಗುಂಡಿ ಯಾವ ಕಡೆಗಿದೆ ನೋಡಿದರೆ ಗೊತ್ತಾಗುತ್ತದೆ. ಬಾಬ್ ಡಿಲನ್‌ರ 1962ರ ಮೊದಲ ಆಲ್ಬಮ್ ಕವರ್ ಇಂಥದ್ದು. ಕೊಲಂಬಿಯಾ ಕಂಪನಿಯ ಗುರುತಿಗೆ ಗಿಟಾರ್ ಅಡ್ಡ ಬರಬಾರದೆಂದು ಫೋಟೋವನ್ನೇ ತಿರುವಿದರು. ಜಿಮಿ ಹೆಂಡ್ರಿಕ್ಸ್ ಕವರ್‌ಗಳಲ್ಲಿ ಕುತ್ತಿಗೆ ಎಡಕ್ಕಿರುವುದೇ ಸರಿ. ಎಡಚರಾದ ಅವರು ಸಾಮಾನ್ಯವಾಗಿ ಬಲಗೈ ಗಿಟಾರನ್ನು ತಲೆಕೆಳಗಾಗಿ ಹಿಡಿದು ನುಡಿಸುತ್ತಿದ್ದರು. ಹಾಗಾಗಿ ಶಬ್ದ ಏರಿಸುವ ತಿರುಪುಗಳು ತಂತಿಗಳಿಗಿಂತ ಮೇಲೆ ಕಾಣಬೇಕು. ಕೆಳಗೆ ಕಂಡರೆ ಸ್ವಲ್ಪ ನಿಂತು ನೋಡಿ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ ನಮ್ಮ ದೇಶದ ಕವರ್‌ಗಳು. ಇವುಗಳಲ್ಲಿ ಎಷ್ಟೋ ಸಲ ಗಿಟಾರ್ ಎದೆಗೆ ಒರಗಿರುವುದಿಲ್ಲ, ತೊಡೆ ಮೇಲೆ ಮಲಗಿರುತ್ತದೆ. ಕಾರಣ ಹವಾಯಿ ಶೈಲಿ. ಹವಾಯಿಯ ಟಾವ್ ಮೋ ಕುಟುಂಬ 1940ರ ದಶಕದಲ್ಲಿ ಕೋಲ್ಕತ್ತಾದಲ್ಲಿ ವರ್ಷಗಟ್ಟಲೆ ಇತ್ತು. ತಂತಿಯ ಮೇಲೆ ಲೋಹದ ತುಂಡು ಜಾರಿಸಿ ನುಡಿಸುವ ಪದ್ಧತಿ ಅಲ್ಲಿ ಚೆನ್ನಾಗಿ ಬೇರು ಬಿಟ್ಟಿತು. ನಮ್ಮ ಸಂಗೀತದ ಮೀಂಡಿಗೆ, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದಕ್ಕೆ, ಅದು ಹೇಳಿ ಮಾಡಿಸಿದಂತಿತ್ತು. ಸುನಿಲ್ ಗಂಗೂಲಿ ಹಿಂದಿ ಸಿನಿಮಾ ಹಾಡುಗಳನ್ನು ಎಲೆಕ್ಟ್ರಿಕ್ ಹವಾಯಿಯನ್ ಗಿಟಾರಿನಲ್ಲಿ ನುಡಿಸಿದ ಎಚ್‌ಎಂವಿ ರೆಕಾರ್ಡ್‌ಗಳು ಮನೆಮನೆಗೆ ಹೋದವು. ವ್ಯಾನ್ ಶಿಪ್ಲೆ, ಕಾಜಿ ಅನಿರುದ್ಧ ಕೂಡ ಇದೇ ದಾರಿಯವರು. ಬ್ರಿಜ್‌ಭೂಷಣ್ ಕಾಬ್ರಾ ಅವರಂತೂ ಗಿಬ್ಸನ್ ಗಿಟಾರೊಂದನ್ನು ಮಾರ್ಪಾಡು ಮಾಡಿಕೊಂಡು ರಾಗ ಸಂಗೀತಕ್ಕೇ ಇಳಿಸಿದರು. 1967ರಲ್ಲಿ ಶಿವಕುಮಾರ್ ಶರ್ಮಾ, ಹರಿಪ್ರಸಾದ್ ಚೌರಾಸಿಯಾ ಜೊತೆ ಅವರು ಮಾಡಿದ 'ಕಾಲ್ ಆಫ್ ದ ವ್ಯಾಲಿ' ಕೇಳದ ರೆಕಾರ್ಡ್ ಪ್ರಿಯರು ಕಡಿಮೆ. ವಿದೇಶಿ ಕವರ್‌ಗಳ ಬಗ್ಗೆ ದಪ್ಪ ದಪ್ಪ ಪುಸ್ತಕಗಳಿವೆ. ನಮ್ಮವು ಮಾತ್ರ ಗುಜರಿಗೆ ಹೋಗುತ್ತಿವೆ. ಅದಕ್ಕೇ ದುಡ್ಡು ಕಡಿಮೆ ಇದ್ದ ದಿನ ಎರಡರಲ್ಲಿ ಒಂದನ್ನು ಆರಿಸಬೇಕಾದರೆ ನಾನು ಆರಿಸುವುದು ನಮ್ಮದನ್ನು.

ವಿದೇಶಿ ಆಲ್ಬಮ್‌ಗಳಲ್ಲೂ ಭಾರತದಲ್ಲಿ ಅಚ್ಚಾದ ಪ್ರತಿ ಸಿಕ್ಕರೆ ಬಿಡುವುದಿಲ್ಲ. ಕೋಲ್ಕತ್ತಾ ಪಕ್ಕದ, ಎಚ್‌ಎಂವಿ ರೆಕಾರ್ಡ್‌ಗಳ ಡಂಡಂ ಕಾರ್ಖಾನೆಯ ಹೆಸರು ಎಷ್ಟೋ ಪ್ರತಿಗಳ ಹಿಂಬದಿಯಲ್ಲಿ ಇರುತ್ತದೆ. ಬಣ್ಣ ಮೂಲಕ್ಕಿಂತ ಸ್ವಲ್ಪ ಬೇರೆ, ಬೆಲೆ ಸಾಮಾನ್ಯವಾಗಿ ಕಡಿಮೆ. ಮೂಲೆಯಲ್ಲಿ ಬಾಲ್‌ಪೆನ್ನಿನಿಂದ ಯಾರದೋ ಹೆಸರು, ಹುಟ್ಟುಹಬ್ಬದ ಹಾರೈಕೆ ಬರೆದಿದ್ದರೆ ಕೆಲವರು ಬೇಡ ಅನ್ನುತ್ತಾರೆ. ನಾನು ಅದನ್ನು ಅಳಿಸುವುದಿಲ್ಲ. ಆ ಕವರ್ ಯಾರ ಮನೆಯಲ್ಲಿತ್ತು ಅನ್ನುವುದಕ್ಕೆ ಉಳಿದಿರುವ ಸಾಕ್ಷಿ ಅದೊಂದೇ.

ಕೊಳ್ಳುವ ಮುಂಚೆ ಮೂಸಿ ನೋಡುತ್ತೇನೆ. ಬೂಷ್ಟಿನ ವಾಸನೆ ಬಂದರೆ ಎಷ್ಟೇ ಚಂದವಿದ್ದರೂ ತರುವುದಿಲ್ಲ, ಉಳಿದವಕ್ಕೂ ಹತ್ತುತ್ತದೆ. ಬೆನ್ನು ಹರಿದಿದ್ದರೆ ಪರವಾಗಿಲ್ಲ. ಒಳಗಿನಿಂದ ಆಮ್ಲರಹಿತ ಕಾಗದದ ಟೇಪ್ ಹಚ್ಚಿದರೆ ನಿಲ್ಲುತ್ತದೆ. ಮಾಮೂಲಿ ಸೆಲ್ಲೋಟೇಪ್ ಮಾತ್ರ ಬೇಡವೇ ಬೇಡ, ಕೆಲವೇ ವರ್ಷಕ್ಕೆ ಹಳದಿಯಾಗಿ ಕಾಗದವನ್ನೂ ಕೆಡಿಸುತ್ತದೆ. ಬೆಲೆಯ ಚೀಟಿ ಅಂಟಿದ್ದರೆ ಹೇರ್ ಡ್ರೈಯರಿನಿಂದ ಹದವಾಗಿ ಬಿಸಿ ತೋರಿಸಿ ನಿಧಾನಕ್ಕೆ ಎತ್ತುತ್ತೇನೆ. ಲ್ಯಾಮಿನೇಷನ್ ಇರುವ ಮುಂಬದಿಗೆ ಚೆನ್ನಾಗಿ ಹಿಂಡಿದ ಬಟ್ಟೆ ಸಾಕು. ಹಿಂಬದಿ ಬರೀ ಕಾಗದ, ಅಲ್ಲಿಗೆ ನೀರು ತಾಗಿಸಬಾರದು.

ಒಳಗೆ ಪ್ಲೇಟು ಇದ್ದರೆ ಹೊರಗೆ ತೆಗೆದು, ಬಿಳಿ ಕಾಗದದ ಚೀಲಕ್ಕೆ ಹಾಕಿ, ಕವರಿನ ಹಿಂದೆ ಇಡುತ್ತೇನೆ. ಒಳಗೇ ಬಿಟ್ಟರೆ ಪ್ಲೇಟಿನ ಅಂಚು ಒತ್ತಿ ಚಿತ್ರದ ಮೇಲೆ ಬಳೆಯಂಥ ಗುರುತು ಬೀಳುತ್ತದೆ. ಹೊರಚೀಲ ಪಾಲಿಪ್ರೊಪಿಲೀನ್‌ದೇ ಆಗಬೇಕು. ಪಿವಿಸಿ ಚೀಲ ನಮ್ಮ ಸೆಕೆಗೆ ಅಚ್ಚಿಗೆ ಅಂಟಿಕೊಳ್ಳುತ್ತದೆ. ಕವರ್‌ಗಳನ್ನು ನೆಟ್ಟಗೆ ನಿಲ್ಲಿಸಬೇಕು, ಒಂದರ ಮೇಲೊಂದು ಪೇರಿಸಬಾರದು. ಮಳೆಗಾಲದಲ್ಲಿ ಕಪಾಟನ್ನು ಗೋಡೆಯಿಂದ ಒಂದು ಗೇಣು ದೂರ ಸರಿಸಿ, ಬಿಸಿಲು ಬಂದ ದಿನ ಬಾಗಿಲು ತೆಗೆದಿಡುತ್ತೇನೆ.

ಗೋಡೆಗೆ ಹಾಕುವಾಗ ಗಾಜು ಕವರಿಗೆ ತಾಗದಂತೆ ನಡುವೆ ಸಂದು ಬಿಡಿಸುತ್ತೇನೆ. ಈಗ ನನ್ನ ಕೋಣೆಯಲ್ಲಿ ಒಂದು ಜೋಡಿ ಇದೆ. 1956ರ ಎಲ್ವಿಸ್ ಪ್ರೀಸ್ಲಿ ಆಲ್ಬಮ್, ಅದರ ಪಕ್ಕ ಇಂಗ್ಲೆಂಡಿನ ರಾಕ್ ತಂಡ ಕ್ಲ್ಯಾಶ್‌ನ 1979ರ 'ಲಂಡನ್ ಕಾಲಿಂಗ್'. ಎರಡರಲ್ಲೂ ಅದೇ ಗುಲಾಬಿ, ಹಸಿರು ಅಕ್ಷರ. ಎರಡನೆಯವರು ಮೊದಲನೆಯದನ್ನು ನೆನೆದು ಬೇಕೆಂದೇ ಹಾಗೆ ಮಾಡಿದ್ದು. ಒಂದರಲ್ಲಿ ಗಿಟಾರ್ ಹಿಡಿದು ಹಾಡುತ್ತಿದ್ದಾರೆ, ಇನ್ನೊಂದರಲ್ಲಿ ತಂಡದ ಪಾಲ್ ಸೈಮನನ್ ಬೇಸ್ ಗಿಟಾರನ್ನು ನೆಲಕ್ಕೆ ಅಪ್ಪಳಿಸುತ್ತಿದ್ದಾರೆ. ಆ ಫೋಟೋ ತೆಗೆದ ಪೆನ್ನಿ ಸ್ಮಿತ್ ಅವರಿಗೇ, ಮಸುಕಾಗಿದೆ ಅಂತ, ಅದು ಬೇಡವಾಗಿತ್ತಂತೆ. ಕಿಟಕಿ ಬಿಸಿಲು ನೇರ ಬೀಳದ ಗೋಡೆಯನ್ನೇ ಅವಕ್ಕೆ ಆರಿಸಿದ್ದೇನೆ, ಬಿಸಿಲಿಗೆ ಆ ಗುಲಾಬಿ ಬಣ್ಣ ಬೇಗ ಹೋಗುತ್ತದೆ.

ನಿಮ್ಮ ಮನೆಯ ಅಟ್ಟದಲ್ಲೋ ಅಜ್ಜನ ಪೆಟ್ಟಿಗೆಯಲ್ಲೋ ಹವಾಯಿಯನ್ ಗಿಟಾರ್ ರೆಕಾರ್ಡ್‌ಗಳಿದ್ದರೆ ದಯವಿಟ್ಟು ತೂಕಕ್ಕೆ ಹಾಕಬೇಡಿ. ಪ್ಲೇಟು ಒಡೆದಿದ್ದರೂ ಕವರ್ ಎತ್ತಿಡಿ. ಕೊನೇ ಪಕ್ಷ ಎರಡೂ ಬದಿಯ ಫೋಟೋ ತೆಗೆದು, ಅದರ ಮೇಲಿನ ರೆಕಾರ್ಡ್ ನಂಬರ್ ಬರೆದಿಟ್ಟುಕೊಳ್ಳಿ.