ಗೀಫಾ ಮೇಳಕ್ಕ ಹೊಂಟೀರಂದ್ರ ಒಂದ್ ದಿನ ಎಸೆನ್ ಊರು ಹಿಂಗ ನೋಡ್ರಿ

ಬೆಳಗಾವಿ ಉದ್ಯಮಬಾಗ್, ಮಚ್ಛೆ ಕಡೆ ಫೌಂಡ್ರಿಯವ್ರು ನಾಲ್ಕು ವರ್ಷಕ್ಕೊಮ್ಮೆ ಜರ್ಮನಿಯ ಡುಸೆಲ್ಡಾರ್ಫ್‌ದಾಗ ನಡಿಯೋ ಫೌಂಡ್ರಿ ಮೇಳ ಗೀಫಾಕ್ಕ ಹೋಗ್ಬೇಕಂತ ಪ್ಲ್ಯಾನ್ ಹಾಕ್ತೀರಿ, ಬ್ರೋಷರ್ ಚೀಲ ತುಂಬ್ಕೊಂಡು ಸೀದಾ ವಾಪಸ್ ಬರೋದ್ಕಿಂತ ಒಂದ್ ದಿನ ಎಸೆನ್‌ಗೆ ಇಡ್ರಿ, ಟ್ರೇನ್‌ದಾಗ ಅರ್ಧ ತಾಸು ಅಷ್ಟ. ಸೋಮವಾರ ಮಾತ್ರ ಬ್ಯಾಡ, ಉಕ್ಕಿನ ಕಾರ್ಖಾನೆಯ ಕ್ರುಪ್ ಮನೆತನದ ಬಂಗ್ಲೆ, ವಿಲ್ಲಾ ಹ್ಯೂಗೆಲ್, ಬಂದ್ ಇರ್ತೈತಿ.

ಎಲ್ಲಾರೂ ಮೊದ್ಲ ಟ್ಸೋಲ್‌ಫೆರೈನ್ ಕಲ್ಲಿದ್ದಲ ಗಣಿಗೆ ಓಡ್ತಾರ. ನೀವು ಮೊದ್ಲ ಕೆಥೆಡ್ರಲ್‌ಗೆ ಹೋಗ್ರಿ, ಸ್ಟೇಷನ್‌ನಿಂದ ನಡ್ಕೊಂತ ಹತ್ತು ನಿಮಿಷ. ಊರು ಹುಟ್ಟಿದ್ದ ಅಲ್ಲಿಂದ. 845ರ ಸುಮಾರಿಗೆ ಬಿಷಪ್ ಆಲ್ಟ್‌ಫ್ರಿಡ್ ದೊಡ್ಡ ಮನೆತನದ ಹೆಣ್ಮಕ್ಕಳಿಗಂತ ಒಂದು ಮಠ ಶುರು ಮಾಡಿದ, ಮುಂದ ಶತಮಾನಗಟ್ಟಲೆ ಆ ಮಠದ ಮುಖ್ಯಸ್ಥೆನ ಈ ಸೀಮೆಗೆ ಒಡತಿ, 1803ರ ಹೊತ್ತಿಗೆ ಪ್ರಶ್ಯಾ ರಾಜ್ಯ ಬಂದು ಆ ಆಳ್ವಿಕೆ ಮುಗಿಸ್ತು. 980ರ ಸುಮಾರಿನ ಬಂಗಾರದ ಮೇರಿ ಮೂರ್ತಿ ಮುಂದ ಗದ್ದಲ ಇರ್ತೈತಿ, ನೋಡ್ರಿ, ಆದ್ರ ನಮ್ಮಂಥಾವ್ರು ಜಾಸ್ತಿ ಹೊತ್ತು ನಿಲ್ಲೋದು ಏಳು ಕವಲಿನ ಕಂಚಿನ ದೀಪದ ಕಂಬದ ಹತ್ರ. ಎರಡೂಕಾಲು ಮೀಟರ್ ಎತ್ತರ, ಸಾವಿರ ವರ್ಷದ ಹಿಂದ ಮಟಿಲ್ಡಾ ಅನ್ನೋ ಮುಖ್ಯಸ್ಥೆ ಮಾಡಿಸಿದ್ದು, 46 ತುಂಡು ಬ್ಯಾರೆ ಬ್ಯಾರೆ ಎರಕ ಹೊಯ್ದು ಕೂಡಿಸ್ಯಾರ, ಒಳಗ ಟೊಳ್ಳು. ಕವಲಿನ ಗುಂಡು ಗುಂಡು ಗಂಟುಗಳ ನಡುವ ಜಾಯಿಂಟ್ ಎಲ್ಲೈತಿ ಅಂತ ಹುಡುಕ್ರಿ, ಕಂಪ್ಯೂಟರ್ ನಡಿಸೋ ಸಿಎನ್‌ಸಿ ಮಷಿನ್ ಇಲ್ದ ಕಾಲದ ಫಿನಿಶಿಂಗ್ ಅದು.

ಆಮೇಲೆ ಆಲ್ಟೆಂಡಾರ್ಫರ್ ರಸ್ತೆದಾಗಿನ ಕ್ರುಪ್ಪರ ಸಣ್ಣ ಮನಿ. ಯುದ್ಧದಾಗ ಹೋದದ್ದನ್ನ 1961ರಾಗ ಮತ್ತ ಕಟ್ಟ್ಯಾರ. ಫ್ರೀಡ್ರಿಖ್ ಕ್ರುಪ್ 1811ರಾಗ ಎರಕದ ಉಕ್ಕಿನ ಕಾರ್ಖಾನೆ ಹಾಕಿ, ಸಾಲದಾಗ ಮುಳುಗಿ 1826ರಾಗ ತೀರ್ಕೊಂಡ, ಮಗ ಆಲ್ಫ್ರೆಡ್‌ಗೆ ಆವಾಗ ಬರೇ 14 ವರ್ಷ. ಆ ಹುಡುಗನ 1851ರ ಲಂಡನ್ ಪ್ರದರ್ಶನಕ್ಕ ಎರಡು ಟನ್ನಿನ ಉಕ್ಕಿನ ಗಟ್ಟಿ ಒಯ್ದಿದ್ದು. ಸಣ್ಣ ಸಣ್ಣ ಮೂಸೆದಾಗ ಕರಗಿಸಿದ್ದನ್ನ ಒಂದರ ಹಿಂದೊಂದು ತಡಾ ಇಲ್ದಂಗ ಸುರೀಬೇಕು, ನಡುವ ನಿಂತ್ರ ಹಿಂದಿನದು ಆರಿ ಮುಂದಿನದು ಬೆಸಿಯಂಗಿಲ್ಲ, ಕೋಲ್ಡ್ ಶಟ್, ಅದು ನಿಮಗ ಹೇಳೋದೇನಿಲ್ಲ. ಕಂಪನಿ ಗುರುತಿನ ಮೂರು ಉಂಗುರ ತೋಪಿನ ಬಾಯಿ ಅಲ್ರಿ, ರೈಲು ಗಾಲಿಗೆ ಹಾಕೋ ಬೆಸುಗೆ ಇಲ್ಲದ ಪಟ್ಟಿ. ತೋಪೂ ಭಾಳ ಮಾಡಿದ್ರು, ಅದು ಬ್ಯಾರೆ ಮಾತು. ಎರಡನೇ ಮಹಾಯುದ್ಧದಾಗ ಸಾವಿರಾರು ಮಂದೀನ ಹಿಡ್ಕೊಂಡ್ ಬಂದು ದುಡಿಸ್ಕೊಂಡ್ರು, ಆಲ್ಫ್ರೆಡ್‌ನ ಮರಿಮಗ ಆಲ್ಫ್ರೀಡ್ ಕ್ರುಪ್‌ಗೆ ಅದಕ್ಕ 1948ರಾಗ 12 ವರ್ಷ ಶಿಕ್ಷೆ ಆತು, 1951ರಾಗ ಹೊರಗ ಬಂದ. ಇದನ್ನ ಬಿಟ್ಟು ಬರೇ ಉಕ್ಕಿನ ಹೊಗಳಿಕೆ ಕೇಳ್ಕೊಂಡ್ ಬಂದ್ರ ಅರ್ಧ ಊರು ನೋಡಿದಂಗ.

ಮಧ್ಯಾಹ್ನಕ್ಕ 107 ನಂಬರ್ ಟ್ರಾಮ್ ಹಿಡಿದು ಟ್ಸೋಲ್‌ಫೆರೈನ್. 1847ರಾಗ ಫ್ರಾಂಟ್ಸ್ ಹಾನಿಯೆಲ್ ಶುರು ಮಾಡಿದ ಕಲ್ಲಿದ್ದಲ ಗಣಿ, 1932ರ 12ನೇ ಶಾಫ್ಟ್, ಅಂದ್ರ ಗಣಿಗೆ ಇಳಿಯೋ ಬಾವಿ, ದಿನಕ್ಕ 12,000 ಟನ್ ಎತ್ತೂದು, 1986ರಾಗ ಬಂದ್ ಆತು, 2001ರಾಗ ಯುನೆಸ್ಕೊ ಪಟ್ಟಿ ಸೇರ್ತು. ಕಲ್ಲಿದ್ದಲ ತೊಳಿಯೋ ಕಟ್ಟಡದಾಗ ಈಗ ರೂರ್ ಮ್ಯೂಸಿಯಂ, ಕಿತ್ತಳಿ ಬಣ್ಣದ ಎಸ್ಕಲೇಟರ್ ಹತ್ತಿ ಹೋಗ್ಬೇಕು. ಗೈಡೆಡ್ ಟೂರ್ ತಗೊಳ್ರಿ, ಇಲ್ಲಂದ್ರ ಯಾವ ಬೆಲ್ಟ್ ಎತ್ತ ಹೋಗ್ತಿತ್ತು ತಿಳಿಯಂಗಿಲ್ಲ.

ಸಂಜಿಗೆ ಟೈಮ್ ಒಂದ್ಕ ಇದ್ರ 269 ಕೋಣೆದ ವಿಲ್ಲಾ ಹ್ಯೂಗೆಲ್ ಬಿಟ್ಟು ಬಿಡ್ರಿ, ಯು17 ರೈಲು ಹಿಡಿದು ಮಾರ್ಗರೆಟನ್‌ಹ್ಯೋಗೆ ಹೋಗ್ರಿ, ಮಾರ್ಗರೆಟ್ ಕ್ರುಪ್ ರೊಕ್ಕದಾಗ 1909ರಿಂದ ಕಟ್ಟಿದ ಮನಿಗಳ ಬಡಾವಣೆ. ಈಗ್ಲೂ ಅಲ್ಲಿ ಜನ ವಾಸ ಇದ್ದಾರ, ಫೋಟೊ ಹೊಡಿಯುವಾಗ ಕಿಡಕಿ ಒಳಗ ಇಣುಕಬ್ಯಾಡ್ರಿ.