ಹನ್ನೆರಡು ಇಂಚಿನ ಹೌಸ್ ಪ್ಲೇಟಿಗೆ ಜಾತಕ ಬರೆಯುವ ಬಗೆ

ಕೆಜಿಎಫ್ ಎಂದರೆ ಕ್ಲಬ್ಬು, ಬ್ಯಾಂಡು, ಡ್ಯಾನ್ಸು ಕಂಡ ಊರು. ರಾಬರ್ಟ್‌ಸನ್‌ಪೇಟೆಯ ಹಳೇ ಮನೆಯೊಂದರ ಟ್ರಂಕಿನಲ್ಲಿ ತೊಂಬತ್ತರ ದಶಕದ ಸೋಲ್-ಹೌಸ್ (ಕ್ಲಬ್ಬಿನ ಕುಣಿತದ ಸಂಗೀತ) ಸಿಂಗಲ್, ಅಂದರೆ ಒಂದೇ ಹಾಡಿಗಾಗಿ ಹೊರತಂದ ಪ್ಲೇಟು, ಸಿಕ್ಕರೆ ಅಚ್ಚರಿಯೇನಿಲ್ಲ. ಅದು ಯಾವಾಗ ಬಿಡುಗಡೆಯಾಯಿತು, ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎಷ್ಟನೇ ಸ್ಥಾನಕ್ಕೇರಿತು ಎಂದು ಬರೆದಿಡುವಾಗ ಬರೀ ‘5ನೇ ಸ್ಥಾನ’ ಎಂದರೆ ಏನೂ ಹೇಳಿದಂತಾಗದು. ಯಾವ ಮಿಕ್ಸ್ (ಅದೇ ಹಾಡಿನ ಯಾವ ರೂಪ), ಯಾವ ದೇಶ, ಯಾವ ಪಟ್ಟಿ, ಯಾವ ವಾರ, ಈ ನಾಲ್ಕೂ ಪಕ್ಕದಲ್ಲಿರಬೇಕು.

ಮೊದಲು ಪ್ಲೇಟು ತೊಳೆಯಿರಿ. ಇಲ್ಲಿನ ಸೈನೈಡ್ ದಿಬ್ಬಗಳಿಂದ (ಚಿನ್ನ ತೆಗೆದ ಮೇಲೆ ಉಳಿದ ಅದಿರುಪುಡಿಯ ಗುಡ್ಡಗಳು) ಗಾಳಿಗೆ ಹಾರಿಬರುವ ಪುಡಿ ಅರೆದ ಕಲ್ಲೇ. ಒಣಬಟ್ಟೆಯಲ್ಲಿ ಒತ್ತಿ ಒರೆಸಿದರೆ ಗೀರು ಬಿದ್ದು, ಓದಬೇಕಾದ ಅಕ್ಷರವೂ ಹಾಳು. ಮೆತ್ತನೆ ಬ್ರಷ್‌ನಿಂದ ಪುಡಿ ಉದುರಿಸಿ, 3 ಪಾಲು ಡಿಸ್ಟಿಲ್ಡ್ ವಾಟರ್‌ಗೆ 1 ಪಾಲು ಐಸೋಪ್ರೊಪೈಲ್ ಆಲ್ಕೋಹಾಲ್ ಬೆರೆಸಿ ತೋಡಿನ ದಿಕ್ಕಿಗೇ ಒರೆಸಿ. ಲೇಬಲ್ ಒದ್ದೆಯಾಗಬಾರದು. ಬೋರ್‌ವೆಲ್ ನೀರು ಬೇಡ. ಒಣಗಿದ ಮೇಲೆ ತೋಡಿನಲ್ಲಿ ಬಿಳಿ ಸುಣ್ಣ ಉಳಿಯುತ್ತದೆ. ಅದೇ ಟ್ರಂಕಿನಲ್ಲಿ 78 ಆರ್‌ಪಿಎಂನ (ನಿಮಿಷಕ್ಕೆ 78 ಸುತ್ತಿನ) ಅರಗಿನ ಪ್ಲೇಟುಗಳಿದ್ದರೆ ಅವಕ್ಕೆ ಈ ದ್ರಾವಣ ಮುಟ್ಟಿಸಲೇಬೇಡಿ, ಆಲ್ಕೋಹಾಲ್‌ಗೆ ಅರಗು ಕರಗುತ್ತದೆ.

ಈಗ ಲೇಬಲ್ಲಿನ ಕ್ಯಾಟಲಾಗ್ ನಂಬರ್ ಬರೆದುಕೊಳ್ಳಿ. ಲೇಬಲ್‌ಗೂ ಕೊನೆಯ ಹಾಡಿಗೂ ನಡುವಿನ ನುಣುಪು ಜಾಗದಲ್ಲಿ ಕೆತ್ತಿದ ಮ್ಯಾಟ್ರಿಕ್ಸ್ ನಂಬರ್ ಇರುತ್ತದೆ. ಟಾರ್ಚನ್ನು ನೇರವಾಗಿ ಹಿಡಿದರೆ ಬರೀ ಹೊಳಪು ಕಾಣುತ್ತದೆ, ಓರೆಯಾಗಿ ಹಿಡಿದರೆ ಅಕ್ಷರ ಎದ್ದು ಕಾಣುತ್ತದೆ. ಎರಡೂ ನಂಬರುಗಳನ್ನು ಪ್ಲೇಟುಗಳ ಮಾಹಿತಿಯ ಜಾಲತಾಣ ಡಿಸ್ಕಾಗ್ಸ್‌ನಲ್ಲಿ ಹಾಕಿ ತಾಳೆ ನೋಡಿ. ಮಾರಾಟಕ್ಕಲ್ಲ ಎಂದು ಅಚ್ಚಾಗಿದ್ದರೆ ಅದು ಡಿಜೆಗಳಿಗೆ ಕಳಿಸಿದ ಪ್ರತಿ. ಅಂಥವು ಸಾಮಾನ್ಯವಾಗಿ ಅಂಗಡಿಗಿಂತ ಮೊದಲೇ ಹೊರಬೀಳುತ್ತಿದ್ದವು. ವೃತ್ತದೊಳಗಿನ ‘ಪಿ’ ಪಕ್ಕದ ಇಸವಿ ಧ್ವನಿಮುದ್ರಣದ ಹಕ್ಕಿನದು. ಅದನ್ನೇ ಬಿಡುಗಡೆಯ ವರ್ಷ ಎಂದು ಬರೆಯುವುದು ಅತಿ ಸಾಮಾನ್ಯ ತಪ್ಪು.

ರಾಬಿನ್ ಎಸ್ ಹಾಡಿದ ‘ಶೋ ಮಿ ಲವ್’ ತೆಗೆದುಕೊಳ್ಳಿ. ಬ್ರಿಟನ್ನಿನ ಚಾಂಪಿಯನ್ ರೆಕಾರ್ಡ್ಸ್ ಅದನ್ನು 1990ರಲ್ಲೇ ಹೊರತಂದಿತ್ತು (ನಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಗೂ ಈ ಕಂಪನಿಗೂ ನಂಟಿಲ್ಲ). ಗೆದ್ದದ್ದು ಸ್ವೀಡನ್ನಿನ ಸ್ಟೋನ್‌ಬ್ರಿಜ್ 1992ರಲ್ಲಿ ಮಾಡಿದ ಮಿಕ್ಸ್. 1993ರಲ್ಲಿ ಅದು ಬ್ರಿಟನ್ನಿನಲ್ಲಿ 6, ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಹಾಟ್ 100 ಪಟ್ಟಿಯಲ್ಲಿ 5, ಅದೇ ಪತ್ರಿಕೆಯ ಕ್ಲಬ್ ಪಟ್ಟಿಯಲ್ಲಿ 1ನೇ ಸ್ಥಾನಕ್ಕೇರಿತು. ಕಾರ್ಗ್ ಎಂ1 ಕೀಬೋರ್ಡಿನ ಆರ್ಗನ್ ದನಿಯಲ್ಲಿ ಕುಣಿಯುವ ಬೇಸ್ ಕೇಳಿಸಿದರೆ ಅದೇ ಮಿಕ್ಸ್. ಅವಧಿ ಅಳೆಯುವ ಮುನ್ನ ವೇಗ ನೋಡಿಕೊಳ್ಳಿ: 45 ಆರ್‌ಪಿಎಂನಲ್ಲಿ 6 ನಿಮಿಷದ ಹಾಡು 33⅓ರಲ್ಲಿ 8 ನಿಮಿಷ ದಾಟುತ್ತದೆ, ಆಮೇಲೆ ಇಲ್ಲದ ಮಿಕ್ಸ್ ಒಂದನ್ನು ಹುಡುಕುತ್ತಾ ಕೂರಬೇಕಾಗುತ್ತದೆ.

ಮರುಬಿಡುಗಡೆಯೂ ಕಾಲುಜಾರುವ ಜಾಗವೇ. ಸಿಸಿ ಪೆನಿಸ್ಟನ್‌ರ ‘ಫೈನಲಿ’ ಬ್ರಿಟನ್ನಿನಲ್ಲಿ 1991ರಲ್ಲಿ 29ಕ್ಕೇ ನಿಂತಿತು. 1992ರಲ್ಲಿ ಮತ್ತೆ ಬಂದು ಮಾರ್ಚ್‌ನಲ್ಲಿ 2ಕ್ಕೇರಿತು. ‘1991, ಬ್ರಿಟನ್, 2’ ಎಂದು ಒಂದೇ ಸಾಲಿಗೆ ಕಟ್ಟಿದರೆ ಸುಳ್ಳಾಗುತ್ತದೆ. ಎರಡು ಸಾಲು ಮಾಡಿ.

ಪಟ್ಟಿಗಳನ್ನು ಬೆರೆಸಬೇಡಿ. ಆಗಿನ ಬ್ರಿಟಿಷ್ ಸಿಂಗಲ್ಸ್ ಪಟ್ಟಿ ಪೂರ್ತಿ ಮಾರಾಟದ ಮೇಲೆ ನಿಂತದ್ದು. ಹಾಟ್ 100 ಮಾರಾಟಕ್ಕೆ ರೇಡಿಯೊ ಪ್ರಸಾರವನ್ನೂ ಕೂಡಿಸುತ್ತಿತ್ತು. ಅದರಲ್ಲೂ 1991ರ ನವೆಂಬರ್ 30ರ ಸಂಚಿಕೆಯಿಂದ ಮಾರಾಟದ ಲೆಕ್ಕ ಅಂಗಡಿಯ ಬಾರ್‌ಕೋಡ್ ಓದುವ ಸೌಂಡ್‌ಸ್ಕ್ಯಾನ್ ವ್ಯವಸ್ಥೆಯ ಕೈಗೆ ಹೋದದ್ದರಿಂದ, ಅದರ ಹಿಂದುಮುಂದಿನ ಅಂಕಿಗಳನ್ನು ಹೋಲಿಸುವಾಗ ಎಚ್ಚರ ಬೇಕು. ಬಿಲ್‌ಬೋರ್ಡಿನ ಕ್ಲಬ್ ಪಟ್ಟಿಗೆ ಮಾರಾಟದ ಗೊಡವೆಯೇ ಇರಲಿಲ್ಲ, ಡಿಜೆಗಳು ಕಳಿಸಿದ ವರದಿಯೇ ಆಧಾರವಾಗಿತ್ತು. ಹನ್ನೆರಡು ಇಂಚಿನ ಸಿಂಗಲ್‌ಗಳ ಮಾರಾಟಪಟ್ಟಿ ಬೇರೆಯಿತ್ತು. ಒಂದೇ ಪುಟದಲ್ಲಿ ಎರಡೂ ಇದ್ದರೆ ತಲೆಬರಹ ಪೂರ್ತಿ ಓದಿ.

ಹಳೇ ಬಿಲ್‌ಬೋರ್ಡ್ ಸಂಚಿಕೆಗಳು ಗೂಗಲ್ ಬುಕ್ಸ್‌ನಲ್ಲಿವೆ. ಬ್ರಿಟನ್ನಿನದಕ್ಕೆ ಅಫಿಷಿಯಲ್ ಚಾರ್ಟ್ಸ್ ತಾಣ. ಬ್ರಿಟನ್ನಿನ ಪಟ್ಟಿ ಭಾನುವಾರ ಪ್ರಕಟವಾಗುತ್ತಿತ್ತು, ಕೆಲವು ಪುಸ್ತಕಗಳು ಅದೇ ವಾರವನ್ನು ಮುಂದಿನ ಶನಿವಾರದ ದಿನಾಂಕದಿಂದ ಕರೆಯುತ್ತವೆ. ಆರು ದಿನದ ವ್ಯತ್ಯಾಸ ಕಂಡರೆ ಕಾರಣ ಬಹುಪಾಲು ಇದೇ.

ಮಾರಾಟಕ್ಕೆ ಕೊಡುವ ಚಿನ್ನ, ಬೆಳ್ಳಿ ಪ್ರಮಾಣಪತ್ರವಿದ್ದರೆ ಕೊಟ್ಟ ದಿನಾಂಕ ನೋಡದೆ ಬರೆಯಬೇಡಿ. ತೊಂಬತ್ತರ ದಶಕದ ಬ್ರಿಟನ್ನಿನಲ್ಲಿ ಸಿಂಗಲ್‌ಗೆ ಬೆಳ್ಳಿ 2 ಲಕ್ಷ, ಚಿನ್ನ 4 ಲಕ್ಷ, ಪ್ಲಾಟಿನಂ 6 ಲಕ್ಷ ಪ್ರತಿ. ಈಚೆಗೆ ಕೊಟ್ಟವುಗಳಲ್ಲಿ ಸ್ಟ್ರೀಮಿಂಗ್ ಲೆಕ್ಕವೂ ಸೇರಿರುವುದರಿಂದ ಅದನ್ನು ಅಂದಿನ ಮಾರಾಟದ ಖಾತೆಗೆ ಹಾಕಬಾರದು. ಭಾರತದ ಕಾಲಂ ಖಾಲಿ ಬಿಡಿ. ಸ್ಟಾರ್ ಟಿವಿಯ ಜೊತೆ ಬಂದ ಎಂಟಿವಿಯಲ್ಲಿ ಹಾಡನ್ನು ನೋಡಿದವರಿರಬಹುದು, ಆದರೆ ಟಿವಿ ಕೌಂಟ್‌ಡೌನ್ ಮಾರಾಟದ ಪಟ್ಟಿಯಲ್ಲ.