ಲಿನಕ್ಸಿನಲ್ಲಿ ವಿಡಿಯೊ ತಡವರಿಸಿದರೆ ಮೊದಲು ಎಲ್ಲಿ ನೋಡಬೇಕು?

ಅಕ್ಕನ ಮಗನ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ ಹಾಕಿಕೊಟ್ಟವನು ನಾನೇ. ವಾರಕ್ಕೇ ಫೋನ್ ಬಂತು. "ಮಾಮ, ಯೂಟ್ಯೂಬ್ ಹಾಕಿದ್ರೆ ಫ್ಯಾನು ಮಿಕ್ಸಿ ಥರ ಸದ್ದು ಮಾಡುತ್ತೆ. ಮಾತು ಮುಂದೆ ಹೋಗುತ್ತೆ, ಬಾಯಿ ಆಮೇಲೆ ಆಡುತ್ತೆ." ಭಾನುವಾರ ಹೋಗಿ ಕೂತೆ. ಇಂಟರ್ನೆಟ್ಟಿನಲ್ಲಿ ಸಿಕ್ಕ ಕಮಾಂಡುಗಳನ್ನೆಲ್ಲ ಒಂದರ ಹಿಂದೊಂದು ಅಂಟಿಸಿದೆ. ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ಡ್ರೈವರ್ ತೆಗೆದೆ, ಹಾಕಿದೆ, ಮತ್ತೆ ತೆಗೆದೆ. ಸಂಜೆ ಹೊತ್ತಿಗೆ ಗೊತ್ತಾಯಿತು, ಡ್ರೈವರ್ ಮೊದಲಿಂದಲೂ ಸರಿಯಾಗೇ ಇತ್ತು. ಅದರ ಕೈ ಕಟ್ಟಿಹಾಕಿದ್ದವನು ನಾನು! ಆ ಕಥೆ ಮುಂದೆ ಬರುತ್ತದೆ.

ಅದಕ್ಕೇ ಇಲ್ಲಿ ಬದಲಾಯಿಸುವ ಕೆಲಸ ಕಮ್ಮಿ, ನೋಡುವ ಕೆಲಸ ಜಾಸ್ತಿ. ಕಮಾಂಡುಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ (ಕಮಾಂಡ್ ಬರೆಯುವ ಕಿಟಕಿ) ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿಕೊಳ್ಳಿ.

ಕೆಲಸ ಮಾಡುತ್ತಿರುವವರು ಯಾರು?

1080ಪಿ ವಿಡಿಯೊದ ಒಂದು ಚಿತ್ರದಲ್ಲಿ 20 ಲಕ್ಷಕ್ಕೂ ಜಾಸ್ತಿ ಚುಕ್ಕೆಗಳಿರುತ್ತವೆ. ಸೆಕೆಂಡಿಗೆ 60 ಚಿತ್ರ ಅಂದರೆ 12 ಕೋಟಿ ಚುಕ್ಕೆ. ಇಷ್ಟನ್ನೂ ಹಿಂಡಿ ಚಿಕ್ಕದು ಮಾಡಿ ಕಳಿಸಿರುತ್ತಾರೆ, ನಮ್ಮ ಕಂಪ್ಯೂಟರ್ ಅದನ್ನು ಬಿಡಿಸಿಕೊಳ್ಳಬೇಕು. ಗ್ರಾಫಿಕ್ಸ್ ಚಿಪ್ಪಿನಲ್ಲಿ ಈ ಕೆಲಸಕ್ಕೆಂದೇ ಬೇರೆ ಭಾಗ ಇರುತ್ತದೆ. ಅದು ಕೈಗೆ ಸಿಗದಿದ್ದರೆ ಪೂರ್ತಿ ಹೊರೆ ಸಿಪಿಯು ತಲೆಗೆ ಬೀಳುತ್ತದೆ. ಫ್ಯಾನ್ ಕೂಗುವುದು ಆಗಲೇ.

ಆದರೆ ಮೊದಲು ನೆಟ್‌ವರ್ಕಿನ ಅನುಮಾನ ಕಳೆದುಕೊಳ್ಳಿ. ಯೂಟ್ಯೂಬ್ ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ, 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಒತ್ತಿ. ಮೂಲೆಯಲ್ಲಿ ಒಂದು ಕಪ್ಪು ಚೌಕ ತೆರೆಯುತ್ತದೆ. ಅದರಲ್ಲಿ ಮೂರು ಸಾಲು ಸಾಕು. 'ಬಫರ್ ಹೆಲ್ತ್' (ಮುಂಚೆಯೇ ಇಳಿಸಿಟ್ಟುಕೊಂಡ ವಿಡಿಯೊ) ಸೊನ್ನೆಗೆ ಇಳಿಯುತ್ತಿದ್ದರೆ ತಪ್ಪು ಇಂಟರ್ನೆಟ್ಟಿನದು, ಲ್ಯಾಪ್‌ಟಾಪ್ ಮುಚ್ಚಿ ರೂಟರ್ ಹತ್ತಿರ ಹೋಗಿ. ಬಫರ್ ಚೆನ್ನಾಗಿದ್ದೂ 'ಡ್ರಾಪ್ಡ್' (ತೋರಿಸದೆ ಬಿಟ್ಟ ಚಿತ್ರಗಳು) ಅನ್ನುವ ಅಂಕಿ ಮೀಟರಿನ ಹಾಗೆ ಏರುತ್ತಿದ್ದರೆ, ಬಿಡಿಸುವ ಕೆಲಸ ಹಿಂದೆ ಬಿದ್ದಿದೆ ಎಂದರ್ಥ. ಮೂರನೆಯದು 'ಕೋಡೆಕ್ಸ್' ಸಾಲು, ಕೋಡೆಕ್ ಅಂದರೆ ವಿಡಿಯೊ ಹಿಂಡಿದ ವಿಧಾನ. ಅಲ್ಲಿ ಎವಿಸಿ1, ವಿಪಿ09, ಎವಿ01 ಈ ಮೂರರಲ್ಲಿ ಯಾವುದಿದೆ ಎಂದು ಬರೆದಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಡ್ರೈವರ್ ಇದೆಯಾ, ಎದ್ದಿದೆಯಾ?

ಟರ್ಮಿನಲ್ ತೆರೆದು 'ಐಎನ್‌ಎಕ್ಸ್‌ಐ' ಎಂದು ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ಮೈನಸ್ ಗುರುತಿನ ಜೊತೆ ದೊಡ್ಡ 'ಜಿ' ಒತ್ತಿ. ಮಿಂಟ್‌ನಲ್ಲಿ ಇದು ಮೊದಲೇ ಇರುತ್ತದೆ. ಚಿಪ್ಪಿನ ಹೆಸರು, ಅದರ ಡ್ರೈವರ್, ಕೊನೆಗೆ 'ರೆಂಡರರ್' ಎಂಬ ಸಾಲು ಬರುತ್ತದೆ. ಡ್ರೈವರ್ ಜಾಗದಲ್ಲಿ ಇಂಟೆಲ್‌ಗಾದರೆ ಐ915 (ತೀರ ಹೊಸದಾದರೆ ಎಕ್ಸ್ಇ), ಈಚಿನ ಎಎಂಡಿಗಾದರೆ ಎಎಂಡಿಜಿಪಿಯು, ಎನ್‌ವಿಡಿಯಾಗಾದರೆ ಎನ್‌ವಿಡಿಯಾ ಅಥವಾ ನೂವೊ ಎಂದಿರಬೇಕು. ರೆಂಡರರ್ ಸಾಲಿನಲ್ಲಿ 'ಎಲ್‌ಎಲ್‌ವಿಎಂಪೈಪ್' ಎಂದು ಕಂಡರೆ ಅಲ್ಲೇ ನಿಲ್ಲಿ. ಅದು ಗ್ರಾಫಿಕ್ಸ್ ಚಿಪ್ ಅಲ್ಲ. ಚಿಪ್ ಕೈಗೆ ಸಿಗದೆ, ಪರದೆಯ ಮೇಲಿನ ಚಿತ್ರವನ್ನೂ ಸಿಪಿಯು ತಾನೇ ಬರೆಯುತ್ತಿದೆ ಎಂದರ್ಥ.

ನಮ್ಮ ಹುಡುಗನ ಲ್ಯಾಪ್‌ಟಾಪಿನಲ್ಲಿ ಇದೇ ಇತ್ತು. ಚಿಪ್ಪಿನ ಹೆಸರಿತ್ತು, ಡ್ರೈವರ್ ಎದುರು 'ಎನ್/ಎ'. ಇನ್ನೊಂದು ಸುಳಿವೂ ಇತ್ತು, ನಾನು ಗಮನ ಕೊಟ್ಟಿರಲಿಲ್ಲ. ಬ್ರೈಟ್‌ನೆಸ್ ಕೀ ಒತ್ತಿದರೆ ಬೆಳಕು ಹೆಚ್ಚೂ ಆಗುತ್ತಿರಲಿಲ್ಲ, ಕಮ್ಮಿಯೂ ಆಗುತ್ತಿರಲಿಲ್ಲ.

ಆಗಿದ್ದು ಇಷ್ಟೇ. ಮಿಂಟ್ ಹಾಕುವ ದಿನ ಪರದೆ ಕಪ್ಪಾಗಿ ನಿಂತಿತ್ತು. ಆಗ ಎಲ್ಲರೂ ಮಾಡುವಂತೆ ನಾನೂ ಬೂಟ್ ಸಾಲಿಗೆ (ಕಂಪ್ಯೂಟರ್ ಶುರುವಾಗುವಾಗ ಓದುವ ಸೂಚನೆಗಳು) 'ನೋಮೋಡ್‌ಸೆಟ್' ಎಂಬ ಪದ ಸೇರಿಸಿದೆ. ಕರ್ನಲ್‌ಗೆ (ಲಿನಕ್ಸಿನ ತಿರುಳು) ಅದರ ಅರ್ಥ, ಗ್ರಾಫಿಕ್ಸ್ ಡ್ರೈವರಿಗೆ ಪರದೆಯ ಉಸ್ತುವಾರಿ ಕೊಡಬೇಡ ಅಂತ. ಇನ್‌ಸ್ಟಾಲ್ ಮುಗಿಯಿತು, ಕಾಫಿ ಕುಡಿದು ಮನೆಗೆ ಬಂದೆ. ಆ ಪದ ಅಲ್ಲೇ ಉಳಿಯಿತು.

ನಿಮ್ಮಲ್ಲೂ ಉಳಿದಿದೆಯಾ ನೋಡಿ. 'ಕ್ಯಾಟ್' (ಬೆಕ್ಕಿನ ಸ್ಪೆಲಿಂಗೇ), ಸ್ಪೇಸ್, ಆಮೇಲೆ 'ಸ್ಲ್ಯಾಶ್ ಪಿಆರ್‌ಒಸಿ ಸ್ಲ್ಯಾಶ್ ಸಿಎಂಡಿಲೈನ್', ಸ್ಲ್ಯಾಶ್ ಎಂದರೆ ಓರೆಗೆರೆ, ಮಧ್ಯೆ ಜಾಗ ಬೇಡ. ಬಂದ ಸಾಲಿನಲ್ಲಿ ನೋಮೋಡ್‌ಸೆಟ್ ಇದ್ದರೆ ಒಂದೇ ಸಲಕ್ಕೆ ಅಳಿಸಿಬಿಡಬೇಡಿ. ರೀಸ್ಟಾರ್ಟ್ ಮಾಡಿ, ಗ್ರಬ್ ಮೆನು (ಲಿನಕ್ಸ್ ಶುರುವಾಗುವ ಮುಂಚಿನ ಪಟ್ಟಿ) ಬಂದಾಗ 'ಇ' ಕೀ ಒತ್ತಿ, ಆ ಪದ ಮಾತ್ರ ತೆಗೆದು ಎಫ್10 ಒತ್ತಿ. ಇದು ಆ ಒಂದು ಬೂಟ್‌ಗೆ ಮಾತ್ರ. ಪರದೆ ಕಪ್ಪಾದರೆ ಪವರ್ ಬಟನ್ ಒತ್ತಿಹಿಡಿದು ಆಫ್ ಮಾಡಿ, ಮುಂದಿನ ಸಲ ಎಲ್ಲ ಮೊದಲಿನಂತೇ ಬರುತ್ತದೆ. ಸರಿಯಾಗಿ ಬಂದರೆ ಇಟಿಸಿ ಫೋಲ್ಡರಿನೊಳಗೆ ಡಿಫಾಲ್ಟ್, ಅದರೊಳಗಿನ ಗ್ರಬ್ ಎಂಬ ಫೈಲಿನಲ್ಲಿ ಆ ಪದ ಅಳಿಸಿ, 'ಸುಡೊ ಅಪ್‌ಡೇಟ್-ಗ್ರಬ್' ಓಡಿಸಿ.

ವಿಡಿಯೊ ಬಿಡಿಸುವ ದಾರಿ

ಪರದೆ ಸರಿಯಾಯಿತು, ಆದರೂ ವಿಡಿಯೊ ತಡವರಿಸುತ್ತಿದೆಯಾ? ಹಾಗಿದ್ದರೆ ವಿಎ-ಎಪಿಐ ನೋಡಿ. ಪ್ಲೇಯರ್ ಮತ್ತು ಚಿಪ್ಪಿನ ನಡುವಿನ ಸೇತುವೆ ಇದು. 'ವಿಎಇನ್ಫೊ' ಎಂಬ ಚಿಕ್ಕ ಪ್ರೋಗ್ರಾಂ ಹಾಕಿಕೊಂಡು ಓಡಿಸಿ. ಉದ್ದನೆಯ ಪಟ್ಟಿ ಬರುತ್ತದೆ. ಎಡಗಡೆ ಎಚ್264, ವಿಪಿ9, ಎವಿ1 ಅಂತ ಪ್ರೊಫೈಲ್ ಹೆಸರುಗಳು, ಬಲಗಡೆ ಕೊನೆಯಲ್ಲಿ 'ವಿಎಲ್‌ಡಿ' ಅಥವಾ 'ಎನ್ಕ್‌ಸ್ಲೈಸ್'. ವಿಎಲ್‌ಡಿ ಅಂದರೆ ಬಿಡಿಸಬಲ್ಲದು. ಎನ್ಕ್‌ಸ್ಲೈಸ್ ಅಂದರೆ ಹಿಂಡಬಲ್ಲದು, ವಿಡಿಯೊ ನೋಡುವವರಿಗೆ ಅದು ಬೇಡ. ಆಗ ಬರೆದಿಟ್ಟ ಕೋಡೆಕ್‌ನ ಎದುರು ವಿಎಲ್‌ಡಿ ಇದೆಯಾ? ಎವಿಸಿ1 ಅಂದರೆ ಎಚ್.264 ಎಂಬುದು ನೆನಪಿರಲಿ.

ಪಟ್ಟಿಯೇ ಬರದೆ ಎರರ್ ಬಂದರೆ ಪ್ಯಾಕೇಜ್ ಇಲ್ಲ ಅಂತಲೇ ಜಾಸ್ತಿ. ಉಬುಂಟು, ಮಿಂಟ್‌ಗಳಲ್ಲಿ ಐದನೇ ತಲೆಮಾರಿನ ಮತ್ತು ಆಮೇಲಿನ ಇಂಟೆಲ್‌ಗೆ 'ಇಂಟೆಲ್-ಮೀಡಿಯಾ-ವಿಎ-ಡ್ರೈವರ್', ಅದಕ್ಕಿಂತ ಹಳೆಯದಕ್ಕೆ 'ಐ965-ವಿಎ-ಡ್ರೈವರ್', ಎಎಂಡಿಗೆ 'ಮೆಸಾ-ವಿಎ-ಡ್ರೈವರ್ಸ್'. ಫೆಡೋರಾ ಎಂಬ ಇನ್ನೊಂದು ಲಿನಕ್ಸ್ ಬಳಸುವವರ ಕಥೆ ಬೇರೆ. ಪೇಟೆಂಟ್ ತಕರಾರಿನ ಭಯಕ್ಕೆ 2022ರ ಫೆಡೋರಾ 37ರಿಂದ ಮೆಸಾ ಎಂಬ ಗ್ರಾಫಿಕ್ಸ್ ಡ್ರೈವರುಗಳ ಕಟ್ಟಿನಲ್ಲಿ ಎಚ್.264, ಎಚ್.265 ಬಿಡಿಸುವ ಭಾಗ ತೆಗೆದಿದ್ದಾರೆ. ಆರ್‌ಪಿಎಂ ಫ್ಯೂಷನ್‌ನಿಂದ (ಹೊರಗಿನವರು ನಡೆಸುವ ಪ್ಯಾಕೇಜ್ ಭಂಡಾರ) 'ಫ್ರೀವರ್ಲ್ಡ್' ಎಂದಿರುವ ಪ್ಯಾಕೇಜ್ ಹಾಕಿಕೊಳ್ಳಬೇಕು.

ಈಗ ಬ್ರೌಸರ್. ಫೈರ್‌ಫಾಕ್ಸ್ 2023ರ 115ನೇ ಆವೃತ್ತಿಯಿಂದ ಇಂಟೆಲ್ ಚಿಪ್ಪುಗಳಲ್ಲಿ ವಿಎ-ಎಪಿಐಯನ್ನು ತಾನಾಗೇ ಬಳಸುತ್ತದೆ. ಅಡ್ರೆಸ್ ಪಟ್ಟಿಯಲ್ಲಿ 'ಅಬೌಟ್:ಸಪೋರ್ಟ್' ಹಾಕಿದರೆ, ಮೀಡಿಯಾ ಭಾಗದಲ್ಲಿ ಯಾವ ಕೋಡೆಕ್‌ಗೆ ಹಾರ್ಡ್‌ವೇರ್ ಸಿಗುತ್ತಿದೆ ಎಂಬ ಕೋಷ್ಟಕ ಇರುತ್ತದೆ. ಡೌನ್‌ಲೋಡ್ ಮಾಡಿದ ಫೈಲುಗಳಿಗೆ ನಾನು ಎಂಪಿವಿ ಎಂಬ ಪ್ಲೇಯರ್ ಬಳಸುತ್ತೇನೆ. ಓಡುವಾಗ 'ಐ' ಒತ್ತಿದರೆ ವಿವರ ಬರುತ್ತದೆ, ಕಂಟ್ರೋಲ್ ಜೊತೆ 'ಎಚ್' ಒತ್ತಿದರೆ ಹಾರ್ಡ್‌ವೇರ್ ದಾರಿ ಆನ್-ಆಫ್ ಆಗುತ್ತದೆ. ವಿಡಿಯೊದ ಮೇಲೆ ಹಸಿರು ಚೌಕಗಳು ಕಾಣುತ್ತಿದ್ದು, ಆಫ್ ಮಾಡಿದಾಗ ಮಾಯವಾದರೆ ಕಳ್ಳ ಸಿಕ್ಕಿದ ಹಾಗೆ, ತೊಂದರೆ ಡ್ರೈವರಿನಲ್ಲೇ ಇದೆ.

ಎನ್‌ವಿಡಿಯಾ ಇದ್ದವರಿಗೆ

ಡ್ರೈವರನ್ನು ವೆಬ್‌ಸೈಟಿನಿಂದ ಇಳಿಸಿಕೊಳ್ಳಬೇಡಿ. ಕರ್ನಲ್ ಅಪ್‌ಡೇಟ್ ಆದ ದಿನ ಕೈ ಕೊಡಬಹುದು. ಮಿಂಟ್‌ನ ಡ್ರೈವರ್ ಮ್ಯಾನೇಜರ್, ಉಬುಂಟುವಿನ ಅಡಿಷನಲ್ ಡ್ರೈವರ್ಸ್ ಇರುವುದೇ ಇದಕ್ಕೆ. ಸೆಕ್ಯೂರ್ ಬೂಟ್ (ಸಹಿ ಇಲ್ಲದ ಡ್ರೈವರುಗಳನ್ನು ತಡೆಯುವ ಕಾವಲು) ಆನ್ ಇದ್ದರೆ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ. ಅದು ಹತ್ತು ಸೆಕೆಂಡ್ ಕಾದು ಸುಮ್ನೆ ಮುಂದೆ ಹೋಗಿಬಿಡುತ್ತದೆ, ಅಷ್ಟರಲ್ಲಿ ಯಾವುದಾದರೂ ಕೀ ಒತ್ತಿ, 'ಎನ್‌ರೋಲ್ ಎಂಒಕೆ' ಆರಿಸಿ ಆ ಪಾಸ್‌ವರ್ಡ್ ಕೊಡಬೇಕು. ಬಹಳ ಜನ ಇಲ್ಲೇ ತಪ್ಪುತ್ತಾರೆ. ಡ್ರೈವರ್ ಇನ್‌ಸ್ಟಾಲ್ ಆಗಿರುತ್ತದೆ, ಲೋಡ್ ಆಗುವುದಿಲ್ಲ.

ವಿಡಿಯೊ ಓಡುತ್ತಿದ್ದರೂ ನಡುವೆ ಅಡ್ಡ ಸೀಳು ಕಾಣುತ್ತದೆ ಅನ್ನುವವರು, ಲಾಗಿನ್ ಪರದೆಯಲ್ಲಿ ಎಕ್ಸ್ಆರ್ಗ್ ಬದಲು ವೇಲ್ಯಾಂಡ್ ಆರಿಸಿ ನೋಡಿ, ಪರದೆಗೆ ಚಿತ್ರ ಕಳಿಸುವ ಎರಡು ಬೇರೆ ವ್ಯವಸ್ಥೆಗಳಿವು. ಸೀಳು ಸಾಮಾನ್ಯವಾಗಿ ಹೋಗುತ್ತದೆ.

ಎಲ್ಲವೂ ಸರಿ ಇದ್ದೂ ಚಿಪ್ಪಿಗೇ ಆ ಕೋಡೆಕ್ ಬರದಿರಬಹುದು. ಇಂಟೆಲ್‌ನಲ್ಲಿ ವಿಪಿ9 ಸರಿಯಾಗಿ ಸಿಗುವುದು ಏಳನೇ ತಲೆಮಾರಿನಿಂದ, ಎವಿ1 ಹನ್ನೊಂದರಿಂದ. ಎನ್‌ವಿಡಿಯಾದಲ್ಲಿ ಎವಿ1 ಬಂದಿದ್ದು 2020ರ 30 ಸೀರೀಸಿನಲ್ಲಿ. ಹಳೇ ಚಿಪ್ಪಿಗೆ ಯಾವ ಡ್ರೈವರ್ ಹಾಕಿದರೂ ಇದು ಬರುವುದಿಲ್ಲ. ಇದಕ್ಕೆ 'ಎಚ್264ಇಫೈ' ಎಂಬ ಬ್ರೌಸರ್ ಎಕ್ಸ್‌ಟೆನ್ಷನ್ ಇದೆ. ಎಚ್.264 ರೂಪವನ್ನೇ ಕೊಡು ಎಂದು ಯೂಟ್ಯೂಬನ್ನು ಕೇಳುತ್ತದೆ. 4ಕೆ ಸಿಗುವುದಿಲ್ಲ, 1080ಪಿವರೆಗೆ ಮಾತ್ರ. ನೋಮೋಡ್‌ಸೆಟ್ ತೆಗೆದ ಮೇಲೆ ನಮ್ಮ ಹುಡುಗನ ಲ್ಯಾಪ್‌ಟಾಪಿಗೂ ಇದನ್ನೇ ಹಾಕಿದೆ. ಹೇಗಿದ್ದರೂ ಅದರ ಪರದೆ 1366×768ರದ್ದು.